ಕಾಪಾಡಿದವರ ಋಣ

2017ರ ಸೆಪ್ಟೆಂಬರ್ 7ರಂದು ಕೊಯಮತ್ತೂರು ಜಿಲ್ಲೆಯ ಸೋಮನೂರಿನಲ್ಲಿ ಬಸ್ ನಿಲ್ದಾಣದ ಛಾವಣಿ ಕುಸಿದು 5 ಮಂದಿ ಸತ್ತರು. ಪವರ್‌ಲೂಮುಗಳ ಊರದು, ಆ ಸೀಮೆಯ ದೇವಾಂಗ ನೇಕಾರರ ಮನೆಗಳಲ್ಲಿ ನಮ್ಮ ಕನ್ನಡ ಇನ್ನೂ ಉಸಿರಾಡುತ್ತಿದೆ. ಇಂಥ ಅವಘಡಗಳಲ್ಲಿ ಸತ್ತವರ, ಗಾಯಗೊಂಡವರ ಲೆಕ್ಕ ಕಡತಕ್ಕೆ ಏರುತ್ತದೆ. ಕಾಂಕ್ರೀಟಿನಡಿಯಿಂದ ಅವರನ್ನು ಎಳೆದವನ ಲೆಕ್ಕ ಏರುವುದಿಲ್ಲ. ಅವನು ಅಗ್ನಿಶಾಮಕ ದಳದವನಾಗಿರಬಹುದು, ಎದುರಿನ ಅಂಗಡಿಯವನೂ ಆಗಿರಬಹುದು. ತಿಂಗಳುಗಟ್ಟಲೆ ಅವನಿಗೆ ನಿದ್ದೆ ಬಾರದಿದ್ದರೆ, ಆ ಚಿಕಿತ್ಸೆಯ ಖರ್ಚು ಯಾರದು?

ಸಮಾಜ ಕೊಡಬೇಕೆಂದು ಒಪ್ಪುವವರೂ ಅದನ್ನು ಕರುಣೆಯ ಬಾಬತ್ತಿಗೆ ಸೇರಿಸಿಬಿಡುತ್ತಾರೆ. ನನ್ನ ತಕರಾರು ಅಲ್ಲಿ. 2018ರ ಪ್ರವಾಹದಲ್ಲಿ ಕೇರಳದ ಮೀನುಗಾರರು ದೋಣಿಗಳನ್ನು ಲಾರಿಗೇರಿಸಿ ತಂದು ಜನರನ್ನು ಕಾಪಾಡಿದರು. ದೋಣಿಯೊಂದಕ್ಕೆ ದಿನಕ್ಕೆ 3,000 ರೂಪಾಯಿ, ಜೊತೆಗೆ ಇಂಧನ, ಒಡೆದ ದೋಣಿಯ ರಿಪೇರಿ ಖರ್ಚು ಎಂದು ಸರ್ಕಾರ ಘೋಷಿಸಿತು. ಆ ರಿಪೇರಿಯನ್ನು ಯಾರೂ ದಾನವೆನ್ನಲಿಲ್ಲ. ನಮ್ಮ ಕೆಲಸಕ್ಕಾಗಿ ಒಡೆದದ್ದನ್ನು ನಾವು ಕಟ್ಟಿಕೊಡಬೇಕು, ಅಷ್ಟೇ. ಹಾಗಾದರೆ ದೋಣಿಯಲ್ಲಿದ್ದವನ ಮನಸ್ಸು ಮಾತ್ರ ಅವನ ಸ್ವಂತ ಆಸ್ತಿ ಹೇಗಾಯಿತು?

ಮಾಜಿ ಸೈನಿಕರಿಗೆ 2003ರಿಂದ ಆರೋಗ್ಯ ಯೋಜನೆಯೊಂದಿದೆ. ಅಲ್ಲಿ ಅಡ್ಡ ಬರುವುದು ಹಣಕ್ಕಿಂತ ನಾಚಿಕೆ; ಗಡಿ ಕಾದವನು ಮನಸ್ಸಿನ ಡಾಕ್ಟರ ಬಳಿ ಹೋದನೆಂಬ ಮಾತು. ಪಟ್ಟಿಯೇ ಇಲ್ಲದವರ ಪಾಡು ಬೇರೆ. ಸೋಮನೂರಿಗೆ ಹತ್ತಿರದ ಸೂಲೂರು ವಾಯುನೆಲೆಯಿಂದ ಹೊರಟ ಸೇನಾ ಹೆಲಿಕಾಪ್ಟರ್ 2021ರ ಡಿಸೆಂಬರ್ 8ರಂದು ಕೂನೂರಿನ ಬಳಿ ಉರಿದು ಬಿತ್ತು. ಕಂಬಳಿ ಹಿಡಿದು ಮೊದಲು ಓಡಿದವರು ನಂಜಪ್ಪಸತ್ರದ ಕೂಲಿಯವರು. ಅವರಿಗೆ ಸಮವಸ್ತ್ರವೂ ಇಲ್ಲ, ಪಿಂಚಣಿಯೂ ಇಲ್ಲ. ಕಂಡದ್ದು ಮಾತ್ರ ಸೈನಿಕ ಕಾಣುವಂಥದೇ.

ಕಾನೂನು ಇಲ್ಲವೆಂದಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ ಈ ಚಿಕಿತ್ಸೆಯನ್ನು ಹಕ್ಕೆಂದಿತು. ವಿಮೆಯಲ್ಲಿ ದೇಹದ ಕಾಯಿಲೆಗೆ ಸಮನೆಂದಿತು. 14416ಕ್ಕೆ ಫೋನು ಮಾಡಲು ಕಾಸು ಬೇಡ. ಸರ್ಕಾರಿ ಆಸ್ಪತ್ರೆಯ ಚಿಕಿತ್ಸೆಗೂ ಬಡವ ದುಡ್ಡು ಕೊಡಬೇಕಾಗಿಲ್ಲ. ಆದರೆ ಮಗ್ಗ ನಿಂತ ಹೊತ್ತಿಗೆ ಕೂಲಿಯಿಲ್ಲ. ಈ ಕಾಯಿಲೆ ಒಂದೇ ಭೇಟಿಗೆ ಬಗೆಹರಿಯುವುದಿಲ್ಲ. ಕೊಯಮತ್ತೂರಿಗೆ ಹೋಗಿಬರುವ ಒಂದೊಂದು ಸಲವೂ ಒಂದೊಂದು ದಿನದ ಅನ್ನ. ಪುಕ್ಕಟೆ ಎಂಬ ಮಾತು ಹೇಳುವವನಿಗೆ ಒಂದು, ಕೇಳುವವನಿಗೆ ಇನ್ನೊಂದು.

ಸುಳ್ಳು ಹೇಳಿ ಬರುವವರು ಇರುವುದಿಲ್ಲವೇ? ಇರುತ್ತಾರೆ. ಬೆನ್ನುನೋವೆಂದು ಸುಳ್ಳು ಹೇಳಿ ರಜೆ ಹಾಕುವವರೂ ಇದ್ದಾರೆ. ಅದಕ್ಕಾಗಿ ನಾವು ಮೂಳೆ ವಿಭಾಗಕ್ಕೆ ಬೀಗ ಹಾಕಿಲ್ಲ. ಅವಘಡದ ದಿನ ಅಧಿಕಾರಿಗಳು ಬರೆಯುವ ಪಟ್ಟಿಯಲ್ಲೇ ಎತ್ತಿದವರ ಹೆಸರೂ ಸೇರಲಿ. ಆ ಹೆಸರಿನ ಮುಂದೆ ಚಿಕಿತ್ಸೆ, ಬಸ್ ಚಾರ್ಜು, ತಪ್ಪಿದ ದಿನದ ಕೂಲಿ ಬರೆಯಬೇಕು. ತಾಲ್ಲೂಕು ಆಸ್ಪತ್ರೆಯಲ್ಲಿ ವಾರಕ್ಕೊಂದು ಸಂಜೆಯಾದರೂ, ಪಾಳಿ ಮುಗಿದ ಮೇಲೆ, ಕೂತು ಕೇಳುವ ಡಾಕ್ಟರೊಬ್ಬರಿರಬೇಕು.