ಗರ್ಭಗುಡಿಯ ಎದುರಿನ ಗೇಲಿ

ಒಂದು ಕಡೆಯ ಮೀಸೆ ಮೇಲಕ್ಕೆ, ಇನ್ನೊಂದು ಕಡೆಯದು ಕೆಳಕ್ಕೆ. ಒಂದು ಕಿವಿಗೆ ಕುಂಡಲ, ಇನ್ನೊಂದಕ್ಕೆ ಸುರುಳಿ ಸುತ್ತಿದ ವೀಳ್ಯದೆಲೆ ಮತ್ತು ಕೇಪಳ ಹೂ. ಮುಖಕ್ಕೆ ಅಕ್ಕಿಹಿಟ್ಟಿನ ಬಿಳಿ, ಅದರ ಮೇಲೆ ಕೆಂಪು ಬೊಟ್ಟು. ಈ ವಿದೂಷಕ ವೇಷದಲ್ಲಿ ಕೇರಳದ ದೇಗುಲದ ರಂಗಮಂದಿರವಾದ ಕೂತ್ತಂಬಲಕ್ಕೆ ‘ಕೂತ್ತು’ ಎಂಬ ಏಕವ್ಯಕ್ತಿ ಪ್ರದರ್ಶನ ನಡೆಸಲು ಬರುವ ಚಾಕ್ಯಾರರು ಮೊದಲು ಅಲ್ಲಿನ ದೇವರನ್ನು ಸ್ತುತಿಸುತ್ತಾರೆ. ಆಮೇಲೆ ಸಂಸ್ಕೃತದ ಒಂದು ಶ್ಲೋಕ ಹೇಳಿ ಮಲಯಾಳದಲ್ಲಿ ಅರ್ಥ ಬಿಡಿಸುತ್ತ ಹೋಗುತ್ತಾರೆ. ಅರ್ಥ ಎಲ್ಲಿಂದ ಎಲ್ಲಿಗೋ ಜಿಗಿಯುತ್ತದೆ. ಸ್ವಯಂವರಕ್ಕೆ ಬಂದ ರಾಜರ ಬಣ್ಣನೆ ಶುರುವಾಯಿತೆಂದರೆ ಎದುರು ಕುಳಿತವರೇ ಆ ರಾಜರು. ಒಬ್ಬರ ಹೊಟ್ಟೆ, ಇನ್ನೊಬ್ಬರ ಆಕಳಿಕೆ, ಯಾವುದೂ ತಪ್ಪಿಸಿಕೊಳ್ಳುವುದಿಲ್ಲ. ಸಭೆಯಿಂದ ಎದುರುತ್ತರ ಮಾತ್ರ ಬರಬಾರದು. ಬಂದರೆ ತಲೆಯುಡುಗೆ ಕಳಚಿಟ್ಟು ಕೂತ್ತನ್ನು ನಿಲ್ಲಿಸಿಬಿಡುವುದು ಸಂಪ್ರದಾಯ.

ಸ್ಟ್ಯಾಂಡ್‌ಅಪ್ ಕಾಮಿಡಿ ಕಲಿಯುತ್ತಿರುವ ಹುಡುಗ ಹುಡುಗಿಯರಿಗೆ ಇದರಲ್ಲಿ ಹೊಸದೇನೂ ಕಾಣಲಿಕ್ಕಿಲ್ಲ. ಒಬ್ಬರೇ ನಿಲ್ಲುವುದು, ಮುಂದಿನ ಸಾಲಿನವರ ಕಾಲೆಳೆಯುವುದು, ನಗು ಏಳುವವರೆಗೆ ಉಸಿರು ಹಿಡಿದು ಕಾಯುವುದು ಅವರ ಪಾಡೂ ಹೌದು. ಬೇರೆಯಾದದ್ದು ಜಾಗ. ಸಂಪ್ರದಾಯದಂತೆ ಚಾಕ್ಯಾರರ ಗೇಲಿ ನಡೆಯುವುದು ಗುಡಿಯ ಪ್ರಾಕಾರದೊಳಗೆ. ಅದರ ಮೊದಲ ಕೇಳುಗ ದೇವರೇ. ಹಾಗಾದರೆ ಪವಿತ್ರವಾದುದರ ಎದುರು ನಗುವುದು ಅಪಚಾರವೋ, ಸೇವೆಯೋ?

ಗೇಲಿ ಮೇಲ್ಮೇಲಿನದಾಗಿದ್ದರೆ ಈ ಪ್ರಶ್ನೆಯನ್ನು ಬದಿಗಿಡಬಹುದಿತ್ತು. ಆದರೆ ‘ಪುರುಷಾರ್ಥ ಕೂತ್ತು’ ಎಂಬ ಭಾಗದಲ್ಲಿ ವಿದೂಷಕ ಧರ್ಮ, ಅರ್ಥ, ಕಾಮ, ಮೋಕ್ಷಗಳನ್ನು ಸರಿಸಿ ತನ್ನದೇ ನಾಲ್ಕನ್ನು ತಂದಿಡುತ್ತಾನೆ: ವಿನೋದ, ವಂಚನ, ಅಶನ, ರಾಜಸೇವೆ. ವೇಶ್ಯೆಯ ಸಹವಾಸ, ಆಮೇಲೆ ಆಕೆಗೇ ಮೋಸ, ಹೊಟ್ಟೆ ಬಿರಿಯುವ ಊಟ, ಕಡೆಗೆ ದೊರೆಯ ಓಲೈಕೆ. ಮೋಕ್ಷವಿರಬೇಕಾದ ಸಾಲಿನಲ್ಲಿ ಈಗ ಭೋಜನ ಕೂತಿದೆ. ಏಳನೇ ಶತಮಾನದ ಪಲ್ಲವ ದೊರೆ ಮಹೇಂದ್ರವರ್ಮ ಬರೆದ ‘ಮತ್ತವಿಲಾಸ’ದ ಕಥೆ ಇನ್ನೂ ಸೋಜಿಗದ್ದು. ಕುಡುಕ ಕಾಪಾಲಿಕ, ಪಾಶುಪತ, ಬೌದ್ಧ ಭಿಕ್ಷು ಮೂವರನ್ನೂ ಹಾಸ್ಯಕ್ಕೆ ಎಳೆಯುವ ಪ್ರಹಸನ ಅದು. ಅದೇ ‘ಮತ್ತವಿಲಾಸ’ ಉತ್ತರ ಮಲಬಾರಿನ ಕೆಲವು ದೇಗುಲಗಳಲ್ಲಿ ಸಂತಾನ ಬೇಡುವವರ ಹರಕೆಯ ಕೂತ್ತಾಗಿ ಉಳಿದು ಬಂದಿದೆ.

ಇದಕ್ಕೊಂದು ಸಮರ್ಥನೆ ಸಾವಿರ ವರ್ಷದ ಹಿಂದೆ ಕಾಶ್ಮೀರದಲ್ಲಿ ಸಿದ್ಧವಾಗಿತ್ತು. ಭರತನ ನಾಟ್ಯಶಾಸ್ತ್ರಕ್ಕೆ ವ್ಯಾಖ್ಯಾನ ಬರೆದ ಅಭಿನವಗುಪ್ತ, ಹಾಸ್ಯದ ಮೂಲ ಅನೌಚಿತ್ಯ ಎನ್ನುತ್ತಾನೆ. ಸಲ್ಲದ ಕಡೆ ಸಲ್ಲದ್ದು ತೋರಿದಾಗ ಯಾವ ರಸವಾದರೂ ಆಭಾಸವಾಗಿ ನಗೆಗೆ ತಿರುಗುತ್ತದೆ, ಶಾಂತರಸಕ್ಕೂ ವಿನಾಯಿತಿಯಿಲ್ಲ. ಅಂದರೆ ಕಾವಿ ತೊಟ್ಟವನು ಹಣ ಎಣಿಸುವಾಗ ನಗೆಪಾಟಲಾಗುವುದು ಮೋಕ್ಷವಲ್ಲ, ಮೋಕ್ಷದ ಸೋಗು. ಈ ಲೆಕ್ಕದಲ್ಲಿ ವಿದೂಷಕ ಖೋಟಾ ನಾಣ್ಯವನ್ನು ಕಲ್ಲಿಗೆ ಬಡಿದು ಸದ್ದು ಕೇಳಿಸುವ ಚಿನಿವಾರ.

ಖೋಟಾ ಹಿಡಿಯಬೇಕಾದವನಿಗೆ ಅಸಲಿಯ ಗುರುತು ಬೇಕು. ಕಲಿಕೆ ಅಷ್ಟು ದೀರ್ಘವಾಗಿರುವುದು ಅದಕ್ಕೇ. ಚಾಕ್ಯಾರರ ಸಂಸ್ಕೃತ ನಾಟಕ ಪರಂಪರೆಯಾದ ಕೂಡಿಯಾಟ್ಟದ ಶಿಷ್ಯ ಶ್ಲೋಕಗಳನ್ನು ಬಾಯಿಪಾಠ ಮಾಡಿ, ಕಣ್ಣು, ಹಸ್ತಗಳನ್ನು ವರ್ಷಗಟ್ಟಲೆ ಪಳಗಿಸುತ್ತಾನೆ. ಮನಬಂದಂತೆ ಮಾತಾಡುವ ಸ್ವಾತಂತ್ರ್ಯ ಆಮೇಲಿನದು. ಚಾಕ್ಯಾರರಿಗೆ ಕೂತ್ತಿನ ಪಠ್ಯಗಳಾದ ಪ್ರಬಂಧಗಳನ್ನು ಬರೆದುಕೊಟ್ಟವರಲ್ಲಿ ದೊಡ್ಡ ಹೆಸರು ಗುರುವಾಯೂರಪ್ಪನ ಪರಮಭಕ್ತ, ‘ನಾರಾಯಣೀಯಂ’ ಕರ್ತೃ ಮೇಲ್ಪತ್ತೂರು ನಾರಾಯಣ ಭಟ್ಟತಿರಿಯದು. ಮೂಗು ಕೊಯ್ಸಿಕೊಂಡ ಶೂರ್ಪಣಖಿ ಅಣ್ಣನ ಮುಂದೆ ಗೋಳಾಡುವ ಸಂದರ್ಭಕ್ಕೆ ಆತ ‘ನಿರನುನಾಸಿಕ’ ಎಂಬ ಪ್ರಬಂಧ ರಚಿಸಿದ. ಮೂಗಿಲ್ಲದವಳ ಬಾಯಲ್ಲಿ ಅನುನಾಸಿಕ ಹೊರಡುವುದು ಹೇಗೆ? ಅವಳ ಅಳಲಿನಲ್ಲಿ ಙ, ಞ, ಣ, ನ, ಮ ಒಂದೂ ಇಲ್ಲ. ವ್ಯಾಕರಣ ಗೊತ್ತಿದ್ದವನಿಗಷ್ಟೇ ಹೊಳೆಯುವ ತಮಾಷೆ ಅದು. ನಮ್ಮ ಯಕ್ಷಗಾನದಲ್ಲೂ ಮೇಳ ಸೇರಿದ ಹುಡುಗ ಕೋಡಂಗಿ ವೇಷದಿಂದ ಹೆಜ್ಜೆ ಕಲಿಯತೊಡಗುತ್ತಾನೆ. ಹಾಸ್ಯಗಾರ ಅನ್ನಿಸಿಕೊಳ್ಳಲು ಮಾತ್ರ ಪ್ರಸಂಗಗಳ ನಡೆಯೆಲ್ಲ ತಿಳಿದಿರಬೇಕು. ದೂತನೋ ಮುದುಕಿಯೋ, ಬಂದ ವೇಷವನ್ನು ನಿಭಾಯಿಸಬೇಕು.

ಆದರೂ ಒಂದು ತೊಡಕು ಉಳಿಯುತ್ತದೆ. ಇದು ಅಸಲಿ, ಇದು ಸೋಗು ಎಂದು ತೀರ್ಮಾನಿಸುವವರು ಯಾರು?

ನಾಟ್ಯಶಾಸ್ತ್ರವೇ ಈ ಜಗಳವನ್ನು ಎರಡು ಸಲ ಹೇಳಿದೆ. ಮೊದಲ ಅಧ್ಯಾಯದಲ್ಲಿ, ಮೊತ್ತಮೊದಲ ಪ್ರಯೋಗದಲ್ಲೇ ತಮ್ಮ ಸೋಲನ್ನು ಕಂಡ ಅಸುರರು ಕೆರಳಿ ಆಟ ಕೆಡಿಸುತ್ತಾರೆ. ನಾಟ್ಯ ಮೂರು ಲೋಕಕ್ಕೂ ಸೇರಿದ್ದೆಂದು ಬ್ರಹ್ಮ ಸಮಾಧಾನ ಹೇಳಬೇಕಾಗುತ್ತದೆ. ಕೊನೆಯಲ್ಲಿ ಭರತನ ಮಕ್ಕಳೇ ಋಷಿಗಳನ್ನು ಅಣಕಿಸಿ ಶಾಪ ತಿನ್ನುತ್ತಾರೆ. ಅಸುರರಿಗೆ ಸಿಕ್ಕಿದ್ದು ಸಮಾಧಾನ, ಋಷಿಗಳ ಕೈಯಲ್ಲಿದ್ದದ್ದು ಶಾಪ. ನೊಂದವರ ಅಂತಸ್ತು ನೋಡಿಯೇ ನಗೆಯ ಬೆಲೆ ನಿಗದಿಯಾಯಿತೇ ಎಂದು ಯಾರಾದರೂ ಕೇಳಬಹುದು.

ಚಾಕ್ಯಾರರ ಸ್ವಾತಂತ್ರ್ಯಕ್ಕೂ ಬೇಲಿಯಿತ್ತು. ಅದು ಹುಟ್ಟಿನಿಂದ ಬಂದ ಹಕ್ಕು, ಕೇಳುಗರೂ ಗುಡಿಯೊಳಗೆ ಬರಬಲ್ಲ ಜಾತಿಯವರೇ. ತಿರುವಾಂಕೂರಿನ ದೇಗುಲಗಳ ಬಾಗಿಲು ಎಲ್ಲ ಹಿಂದೂಗಳಿಗೆ ತೆರೆದದ್ದು 1936ರಲ್ಲಿ. 1965ರಲ್ಲಿ ಪೈಂಕುಳಂ ರಾಮ ಚಾಕ್ಯಾರರ ಕೈಕೆಳಗೆ ಕೇರಳ ಕಲಾಮಂಡಲಂನಲ್ಲಿ ಕೂಡಿಯಾಟ್ಟದ ಪಾಠ ಶುರುವಾದ ಮೇಲೆ ಚಾಕ್ಯಾರರಲ್ಲದವರೂ ಅದನ್ನು ಕಲಿತರು. ಇಂದು ಮೈಕ್ ಹಿಡಿಯುವವರಿಗೆ ತಲೆಯುಡುಗೆಯ ರಕ್ಷೆಯೂ ಇಲ್ಲ. 2021ರ ಜನವರಿ 1ರಂದು ಇಂದೋರ್‌ನಲ್ಲಿ ಧಾರ್ಮಿಕ ಭಾವನೆಗೆ ಧಕ್ಕೆ ತಂದ ಆರೋಪದ ಮೇಲೆ ಬಂಧನಕ್ಕೊಳಗಾದ ಸ್ಟ್ಯಾಂಡ್‌ಅಪ್ ಕಲಾವಿದ ಮುನವ್ವರ್ ಫಾರೂಕಿ, ಸುಪ್ರೀಂ ಕೋರ್ಟ್ ಮಧ್ಯಂತರ ಜಾಮೀನು ಕೊಡುವವರೆಗೆ ಒಂದು ತಿಂಗಳಿಗೂ ಹೆಚ್ಚು ಕಾಲ ಜೈಲಿನಲ್ಲಿದ್ದರು. ಅದೇ ವರ್ಷದ ನವೆಂಬರಿನಲ್ಲಿ ಅವರ ಬೆಂಗಳೂರಿನ ಪ್ರದರ್ಶನವೂ ರದ್ದಾಯಿತು. ಪೊಲೀಸರು ಕೊಟ್ಟ ಕಾರಣ ಕಾನೂನು ಸುವ್ಯವಸ್ಥೆ.

ಎದುರುತ್ತರ ಕೂಡದೆಂಬ ನಿಯಮ ಮುರಿದವನ ಒಂದು ಐತಿಹ್ಯ ಅಂಬಲಪ್ಪುಳದಲ್ಲಿದೆ. ಹದಿನೆಂಟನೇ ಶತಮಾನದ ಕವಿ ಕುಂಜನ್ ನಂಬಿಯಾರ್ ಕೂತ್ತಿಗೆ ಮಿಳಾವು ಎಂಬ ತಾಳವಾದ್ಯ ಬಾರಿಸುತ್ತ ತೂಕಡಿಸಿದನಂತೆ. ಚಾಕ್ಯಾರರು ಬಿಟ್ಟಾರೆಯೇ? ತುಂಬಿದ ಸಭೆಯಲ್ಲಿ ಅವನ ಮಾನ ಕಳೆದರು. ನಂಬಿಯಾರ್ ಆಗ ತುಟಿ ಬಿಚ್ಚಲಿಲ್ಲ. ಮನೆಗೆ ಹೋಗಿ ರಾತ್ರಿಯೆಲ್ಲ ಕೂತು, ಹಾದಿಬೀದಿಯವರಿಗೂ ತಿಳಿಯುವ ಮಲಯಾಳದಲ್ಲಿ ಹೊಸ ಹಾಡುಗಬ್ಬ ಕಟ್ಟಿದ. ಮರುದಿನ ಚಾಕ್ಯಾರರು ತಲೆಯುಡುಗೆ ಬಿಗಿದು ಶ್ಲೋಕ ಎತ್ತುವ ಹೊತ್ತಿಗೆ ಹೊರಗೆ ಆ ಹಾಡನ್ನು ಕುಣಿಯುತ್ತ ಹೇಳುವ ನಂಬಿಯಾರನ ತುಳ್ಳಲ್ ಮೊದಲಾಗಿತ್ತು. ಕೂತ್ತಂಬಲದಲ್ಲಿದ್ದವರು ಒಬ್ಬೊಬ್ಬರಾಗಿ ಎದ್ದು ಆ ಕಡೆಗೆ ನಡೆದರು.