ಸೋಮಲತೆಯೂ ಸ್ವಾಮ್ಯವೂ

ಅಪೂರ್ವವಾದ ಸಸ್ಯವೊಂದನ್ನು ಮನೆಗೆ ತಂದು ಸಾಕುವುದು ಸಜ್ಜನರಿಗೆ ಉಚಿತವೆ? ಉಚಿತವಾದರೆ, ಸಾಕಿದವನು ಅದಕ್ಕೆ ಒಡೆಯನೋ, ಕೇವಲ ಕಾವಲುಗಾರನೋ? ಕುಂಡಗಳಲ್ಲಿ ದೇಶಾಂತರದ ಕಳ್ಳಿಗಳನ್ನು ಬೆಳೆಸುವ ಅಭಿರುಚಿಯು ನಮ್ಮ ಗೃಹಸ್ಥರಲ್ಲಿ ಹೆಚ್ಚುತ್ತಿರುವ ಈ ದಿನಗಳಲ್ಲಿ ಈ ಪ್ರಶ್ನೆಯು ವಿಚಾರಾರ್ಹವಾಗಿದೆ. ದೂರದ ಉದಾಹರಣೆಗಳಿಗೆ ಹೋಗುವ ಮೊದಲು ನಮ್ಮ ನಾಡಿನದೇ ಆದ ಒಂದು ರಸಭರಿತ ಸಸ್ಯವನ್ನು ಎತ್ತಿಕೊಳ್ಳೋಣ. ಅದು ಸೋಮಲತೆ.

ನಂಜನಗೂಡು ಸೀಮೆಯ ನಮ್ಮ ಕಳಲೆಯಂಥ ಊರುಗಳಲ್ಲಿ ಕಳ್ಳಿ, ಕತ್ತಾಳೆ, ಮಂಗರವಳ್ಳಿಗಳಿಗೆ ಬರವಿಲ್ಲ. ಅವೂ ಮಳೆಗಾಲದ ನೀರನ್ನು ಮೈಯಲ್ಲಿ ಕೂಡಿಟ್ಟು ಬೇಸಗೆಯನ್ನು ಕಳೆಯುವ ಜಾತಿಯವೇ. ಆದರೆ ಬೇಲಿಯಲ್ಲಿ ಬೆಳೆಯುವುದರಿಂದ ಅವುಗಳನ್ನು ಯಾರೂ ನಿಧಿಯೆಂದು ಭಾವಿಸುವುದಿಲ್ಲ. ಸೋಮಲತೆಯಾದರೋ ದಖ್ಖಣದ ಒಣ ಕಲ್ಲುಗುಡ್ಡಗಳಲ್ಲಿ ಹಬ್ಬುವ ಬಳ್ಳಿ. ಮನೆಯ ಹಿತ್ತಲಲ್ಲಿ ಕಾಣಸಿಗುವುದು ಅಪರೂಪ. ಸಸ್ಯಶಾಸ್ತ್ರಜ್ಞರು ಬಹುಕಾಲ ಸಾರ್ಕೋಸ್ಟೆಮ್ಮ ಅಸಿಡಮ್ ಎಂದು ಕರೆದು, ಈಗ ಸೈನಾಂಕಮ್ ಎಂಬ ಕುಲಕ್ಕೆ ಸೇರಿಸಿರುವ ಈ ಬಳ್ಳಿಯು ನಮ್ಮ ಎಕ್ಕದ ಬಂಧು. ಎಲೆಗಳಿಲ್ಲದ, ಗಿಣ್ಣುಗಿಣ್ಣಾದ ಹಸುರು ಕಾಂಡ, ಮುರಿದರೆ ಹಾಲು, ಗಿಣ್ಣುಗಳಲ್ಲಿ ಗೊಂಚಲಾಗಿ ಬಿಳಿಯ ಸುವಾಸನೆಯ ಕಿರುಹೂಗಳು.

ಇದೇ ವೇದೋಕ್ತವಾದ ಸೋಮವೆ ಎಂಬ ವಿಷಯದಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಸುಶ್ರುತಸಂಹಿತೆಯ ಸೋಮಕ್ಕೆ ಶುಕ್ಲಪಕ್ಷದಲ್ಲಿ ದಿನಕ್ಕೊಂದರಂತೆ ಹದಿನೈದು ಎಲೆಗಳು ಮೂಡಿ ಕೃಷ್ಣಪಕ್ಷದಲ್ಲಿ ಉದುರುವುವು. ಈ ಬಳ್ಳಿಗೆ ಎಲೆಯೇ ಇಲ್ಲ. 1968ರಲ್ಲಿ ವಾಸನ್ ಎಂಬ ಅಮೆರಿಕದ ಸಂಶೋಧಕನು ಸೋಮವೆಂದರೆ ಒಂದು ಬಗೆಯ ಅಣಬೆಯೆಂದು ವಾದಿಸಿದನು; ಎಫಿಡ್ರ ಎಂಬ ಪೊದೆಯೆನ್ನುವವರೂ ಉಂಟು. ಮುಖ್ಯದ್ರವ್ಯವು ದೊರೆಯದಾಗ ಪ್ರತಿನಿಧಿಯಿಂದ ಕರ್ಮವನ್ನು ನಡೆಸಬಹುದೆಂದು ಮೀಮಾಂಸಕರು ಬಹು ಹಿಂದೆಯೇ ನಿರ್ಣಯಿಸಿ, ಸೋಮಕ್ಕೆ ಬದಲಾಗಿ ಪೂತೀಕವನ್ನು ಹೇಳಿದ್ದಾರೆ. ಹೇಗಾದರೂ ಇರಲಿ, ದಕ್ಷಿಣದೇಶದ ಯಾಗಗಳಲ್ಲಿ ಸೋಮವೆಂದು ಬಳಕೆಯಲ್ಲಿರುವುದು ಈ ಬಳ್ಳಿಯೇ. 1975ರಲ್ಲಿ ಕೇರಳದ ಪಾಂಜಾಳಿನಲ್ಲಿ ನಡೆದ ಅಗ್ನಿಚಯನದಲ್ಲಿಯೂ ಇದನ್ನೇ ಉಪಯೋಗಿಸಿದರು.

ಇನ್ನು ಇದನ್ನು ಸಾಕುವ ಕ್ರಮ. ಬಲಿತ ಕಾಂಡದ ಗೇಣುದ್ದದ ತುಂಡನ್ನು ಹರಿತವಾದ ಚೂರಿಯಿಂದ ಕೊಯ್ದು, ಹಾಲು ಕಣ್ಣಿಗೆ ಸೋಕದಂತೆ ಎಚ್ಚರವಹಿಸಿ, ಗಾಯವು ಆರುವತನಕ ಒಂದು ವಾರ ನೆರಳಿನಲ್ಲಿಡಬೇಕು. ಬಳಿಕ ತಳದಲ್ಲಿ ತೂತುಳ್ಳ ಮಣ್ಣಿನ ಕುಂಡದಲ್ಲಿ ಕೆಮ್ಮಣ್ಣು, ದಪ್ಪಮರಳು, ಇಟ್ಟಿಗೆಯ ಚೂರುಗಳನ್ನು ಬೆರಸಿ ನೆಡಬೇಕು. ಬಿಸಿಲು ಧಾರಾಳವಾಗಿರಲಿ, ನೀರು ಮಾತ್ರ ಮಣ್ಣು ಪೂರ್ತಿ ಒಣಗಿದ ಮೇಲೆ. ದಿನವೂ ನೀರೆರೆಯುವ ಮಮತೆಯಿಂದ ಇಂಥ ಗಿಡಗಳ ಬೇರು ಕೊಳೆಯುವುದು. ಬಾಯಾರಿಕೆಯಿಂದ ಸತ್ತ ಕಳ್ಳಿಗಳಿಗಿಂತ ಯಜಮಾನನ ಪ್ರೀತಿಯಿಂದ ಸತ್ತವುಗಳೇ ಹೆಚ್ಚೆಂದರೆ ಅತ್ಯುಕ್ತಿಯಾಗಲಾರದು. ಹಗಲಿನ ತಾಪದಲ್ಲಿ ಮೈಯ ರಂಧ್ರಗಳನ್ನು ಮುಚ್ಚಿಕೊಂಡು, ರಾತ್ರಿಯ ತಂಪಿನಲ್ಲಿ ತೆರೆದು ವಾಯುವನ್ನು ಒಳಗೊಳ್ಳುವುದು ರಸಭರಿತ ಸಸ್ಯಗಳಲ್ಲಿ ಬಹುಮಟ್ಟಿಗೆ ಕಂಡುಬರುವ ಸ್ವಭಾವ. ಇದು ಗೀತೆಯಲ್ಲಿ ವರ್ಣಿತನಾದ ಸಂಯಮಿಯನ್ನು ನೆನಪಿಗೆ ತರುವುದು. ಸಂಯಮದಿಂದ ಬಾಳುವುದನ್ನು ಸಂಯಮದಿಂದಲೇ ಸಾಕಬೇಕು.

ಈಗ ಪ್ರಕೃತ ಪ್ರಶ್ನೆಗೆ ಬರೋಣ. ಶ್ರೌತಸೂತ್ರಗಳಲ್ಲಿ ಸೋಮಕ್ರಯವೆಂಬ ವಿಧಿಯಿದೆ. ಸೋಮವನ್ನು ಕೊಂಡೇ ತರತಕ್ಕದ್ದು. ಮಾರುವವನೊಡನೆ ಚೌಕಾಸಿ ನಡೆದು, ಬೆಲೆಗೆ ಗೋವನ್ನೂ ಚಿನ್ನವನ್ನೂ ಒಡ್ಡುವರು. ಕೊನೆಗೆ ಆ ಚಿನ್ನವನ್ನು ಮಾರಿದವನಿಂದ ಮರಳಿ ಕಿತ್ತುಕೊಳ್ಳುವರು. ಕೆಲವು ಸೂತ್ರಗಳಂತೆ ಅವನನ್ನು ಹೊಡೆದಟ್ಟುವುದೂ ಉಂಟು. ಮನುಸ್ಮೃತಿಯು ಸೋಮವಿಕ್ರಯಿಯನ್ನು ಶ್ರಾದ್ಧಕ್ಕೆ ಕರೆಯಬಾರದವರ ಸಾಲಿಗೆ ಸೇರಿಸಿದೆ. ಪವಿತ್ರವಾದ ವಸ್ತುವಿಗೆ ಬೆಲೆಕಟ್ಟಲಾಗದೆಂಬುದೇ ಇದರ ತಾತ್ಪರ್ಯವೆಂದು ಹೇಳಬಹುದು, ಅದು ಉದಾತ್ತವೇ. ಆದರೂ ಒಂದು ಶಂಕೆಯು ಉಳಿಯುವುದು. ಕೊಳ್ಳುವವನಿಲ್ಲದೆ ಮಾರುವವನುಂಟೆ? ಗುಡ್ಡವನ್ನು ಹತ್ತಿ ಬಳ್ಳಿಯನ್ನು ಕಿತ್ತುತಂದವನಿಗೆ ನಿಂದೆ, ತರಿಸಿಕೊಂಡವನಿಗೆ ಸ್ವರ್ಗ ಎಂಬುದು ನ್ಯಾಯವೆ?

ಈ ಶಂಕೆಯು ಕೇವಲ ಯಾಗಶಾಲೆಗೆ ಸಂಬಂಧಿಸಿದುದಲ್ಲ. ದಕ್ಷಿಣ ಆಫ್ರಿಕದ ಮರುಭೂಮಿಯಲ್ಲಿ ಬೆಣಚುಕಲ್ಲುಗಳ ನಡುವೆ ಗುಂಡಿಯಷ್ಟು ಗಾತ್ರದ ಕೊನೋಫೈಟಮ್ ಎಂಬ ಗಿಡಗಳು ಬೆಳೆಯುವುವು. 2019ರಿಂದೀಚೆಗೆ ಕಳ್ಳತನದಿಂದ ಕಿತ್ತ ಇಂಥ ಲಕ್ಷಾಂತರ ಗಿಡಗಳನ್ನು ಅಲ್ಲಿಯ ಅಧಿಕಾರಿಗಳು ಹಿಡಿದಿದ್ದಾರೆ. ಅವು ಹೋಗುತ್ತಿದ್ದುದು ಪರದೇಶಗಳ ಸಂಗ್ರಾಹಕರ ಕಿಟಕಿಗಳಿಗೆ. ಸೆರೆಮನೆಗೆ ಹೋದವರಲ್ಲಿ ಕೂಲಿಗಾಗಿ ಕಿತ್ತ ಬಡವರೂ ಉಂಟು. ಕುಂಡವನ್ನು ನೆಂಟರಿಗೆ ತೋರಿಸಿ ಹಿಗ್ಗುವವನ ಹೆಸರನ್ನು ಕೇಳುವವರು ವಿರಳ. ಅಳಿಯುತ್ತಿರುವ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದವು 1975ರಲ್ಲಿ ಜಾರಿಗೆ ಬಂದು, 1976ರಲ್ಲಿ ಭಾರತವೂ ಅದಕ್ಕೆ ಸೇರಿತು. ಪಾಪಾಸುಕಳ್ಳಿಯ ಕುಟುಂಬದ ಬಹುಪಾಲು ಜಾತಿಗಳು ಅದಕ್ಕೆ ಒಳಪಟ್ಟಿವೆ. ಆದರೆ ಕಾನೂನು ರೇವಿನಲ್ಲಿ ನಿಲ್ಲುವುದು, ಆಸೆಯು ಮನೆಯೊಳಗಿರುವುದು.

ಇಲ್ಲಿ ಕೆಲವರು ಹೀಗೆ ಆಕ್ಷೇಪಿಸಬಹುದು: “ನಾನು ಕೊಳ್ಳದಿದ್ದರೆ ಮತ್ತೊಬ್ಬನು ಕೊಳ್ಳುವನು. ಕಾಡಿನಲ್ಲಿ ಹೇಗೂ ಅಳಿಯತಕ್ಕ ಗಿಡವು ನನ್ನ ಮನೆಯಲ್ಲಾದರೂ ಬದುಕಲಿ.” ಮೊದಲನೆಯ ಮಾತಿಗೆ ಉತ್ತರವು ಸುಲಭ: ಮತ್ತೊಬ್ಬನ ದೋಷವು ನಮ್ಮ ದೋಷಕ್ಕೆ ಸಮಾಧಾನವಾಗದು. ಎರಡನೆಯದರಲ್ಲಿ ಮಾತ್ರ ತಥ್ಯಾಂಶವಿದೆ; ಮನೆಗಳಲ್ಲಿಯೂ ತೋಟಗಳಲ್ಲಿಯೂ ಉಳಿದ ಸಸ್ಯಗಳುಂಟು. ಆದರೆ ಹಾಗೆ ಹೇಳುವವನನ್ನು ಪರೀಕ್ಷಿಸಲು ಒಂದು ನಿಕಷವಿದೆ. ಅವನು ಆ ಗಿಡದ ತುಂಡನ್ನು ನೆರೆಯವನಿಗೆ ಕೊಡುವನೆ? ತನ್ನಲ್ಲಿರುವುದು ಊರಿನ ಹತ್ತು ಮನೆಗಳಲ್ಲಿ ಬೆಳೆದು ಸಾಮಾನ್ಯವಾದರೆ ಅವನಿಗೆ ಸಂತೋಷವೋ, ಸಂಕಟವೋ? ಸಂತೋಷವಾದರೆ ಅವನು ಗಿಡವನ್ನು ಪ್ರೀತಿಸಿದನು. ಸಂಕಟವಾದರೆ ಅವನು ಪ್ರೀತಿಸಿದ್ದು ಅದರ ಅಪೂರ್ವತೆಯನ್ನು, ಎಂದರೆ ಇತರರಲ್ಲಿ ಅದು ಇಲ್ಲದಿರುವುದನ್ನು. ಪರರ ಅಭಾವದಿಂದ ಹುಟ್ಟುವ ಸುಖವು ಧರ್ಮ್ಯವಾಗಲಾರದು.

ಮನುವು ಎಣಿಸಿದ ಹದಿನೆಂಟು ವ್ಯವಹಾರಪದಗಳಲ್ಲಿ ನಿಕ್ಷೇಪವೂ ಒಂದು. ನಂಬಿ ಇಟ್ಟುದನ್ನು ಕೆಡದಂತೆ ಕಾಪಾಡಿ ಇಟ್ಟವನಿಗೆ ಒಪ್ಪಿಸಬೇಕೆಂಬುದು ಅದರ ಸಾರ. ಜಡವಸ್ತುವನ್ನು ಇದ್ದಂತೆಯೇ ಒಪ್ಪಿಸಿದರೆ ಸಾಕು. ಚೇತನವಾದುದನ್ನು ಬೆಳೆಸಿ ಒಪ್ಪಿಸಬೇಕು. ಗುಡ್ಡವು ಬಂದು ಕೇಳುವುದಿಲ್ಲವಾದುದರಿಂದ, ಕೇಳಿದವರ ಕೈಗಿಡುವುದೇ ನಮಗಿರುವ ಋಣವಿಮೋಚನೆಯ ಮಾರ್ಗ.

ಆದುದರಿಂದ ಗೃಹಸ್ಥರು ಆಚರಿಸತಕ್ಕ ಕ್ರಮವು ಇಷ್ಟು. ಕಾಡಿನಿಂದ ಕಿತ್ತ ಗಿಡವನ್ನು ಕೊಳ್ಳಬಾರದು. ಬೀಜದಿಂದಲೋ ತುಂಡಿನಿಂದಲೋ ಬೆಳೆಸಿದುದನ್ನೇ ವಿಚಾರಿಸಿ ತರಬೇಕು. ಬೆಳೆಸಿದವನು ಶ್ರಮಕ್ಕೆ ತಕ್ಕ ಬೆಲೆಯನ್ನು ಕೇಳಿದರೆ ಅವನನ್ನು ಸೋಮವಿಕ್ರಯಿಯೆಂದು ಹಳಿಯದೆ ಕೊಡಬೇಕು. ತಂದ ಗಿಡವು ಚೆನ್ನಾಗಿ ನೆಲೆಯೂರಿದ ವರ್ಷವೇ ಅದರ ಒಂದು ತುಂಡನ್ನು ಮತ್ತೊಂದು ಮನೆಗೆ ಕಳುಹಿಸಬೇಕು. ಸೋಮಲತೆಯು ಮಂಗರವಳ್ಳಿಯಂತೆ ಬೇಲಿಬೇಲಿಯಲ್ಲಿ ಹಬ್ಬಿದ ದಿನ ಅದನ್ನು ಯಾರೂ ನಿಧಿಯೆಂದು ಕರೆಯರು; ಗುಡ್ಡದಿಂದ ಕೀಳುವವರೂ ಇರರು. ಅದೇ ಅದಕ್ಕೆ ಕ್ಷೇಮ.