ಕೂಗಿದರೆ ಬರುವವರು ಯಾರು?

ಬೀದಿಯ ಕಾವಲಿನ ಮಾತು ನಮ್ಮಲ್ಲಿ ಯಾವಾಗಲೂ ದುಡ್ಡಿನ ಮಾತಾಗಿಯೇ ಶುರುವಾಗುತ್ತದೆ. ಮನೆಗೆ ಎಷ್ಟು, ಅಂಗಡಿಗೆ ಎಷ್ಟು, ಖಾಲಿ ಸೈಟಿನವರು ಕೊಡಬೇಕೋ ಬೇಡವೋ, ಬಾಡಿಗೆ ಮನೆಯದ್ದನ್ನು ಮಾಲೀಕ ಕೊಡಬೇಕೋ ಬಾಡಿಗೆಯವರೋ. ಎಲ್ಲೋ ಹತ್ತಿರದಲ್ಲಿ ಬೀಗ ಒಡೆದ ಸುದ್ದಿಯೋ ಸರಗಳ್ಳತನದ ಸುದ್ದಿಯೋ ಬಂದಾಗ ಮಾತಿಗೆ ಬಿಸಿ ಏರುತ್ತದೆ. ಸ್ವಲ್ಪ ದಿನ ಕಳೆದರೆ ತಾನಾಗಿ ಆರುತ್ತದೆ.

ಗುತ್ತಲಿನಂಥ ಜಾಗದಲ್ಲಿ ಈ ಲೆಕ್ಕ ಸುಲಭಕ್ಕೆ ಹರಿಯುವುದಿಲ್ಲ. ಹಿಂದೆ ಮಂಡ್ಯದ ಪಕ್ಕದ ಹಳ್ಳಿ, ಈಗ ಊರಿನೊಳಗೇ ಸೇರಿಕೊಂಡ ಬಡಾವಣೆ. ಹಿತ್ತಿಲಲ್ಲಿ ಹಸು ಕಟ್ಟಿದ ಹಳೇ ಮನೆಯ ಎದುರಿಗೇ ಎರಡಂತಸ್ತಿನ ಹೊಸ ಮನೆ; ಅದರಲ್ಲಿ ಮಕ್ಕಳನ್ನು ಬೆಂಗಳೂರಿಗೆ ಕಳಿಸಿ ಉಳಿದ ಅಪ್ಪ ಅಮ್ಮ. ಕಾವಲಿಗೆ ಚಂದಾ ಎತ್ತುವ ಹುಡುಗರು ಒಮ್ಮೆ ನನ್ನನ್ನೂ ಜೊತೆಗೆ ಕರೆದರು. “ಮೇಷ್ಟ್ರೇ, ನೀವೊಂದ್ ಮಾತು ಹೇಳುದ್ರೆ ಕೊಡ್ತಾರೆ” ಅಂದರು. ಒಬ್ಬ ಅಜ್ಜಿಯ ಮನೆ ಮುಂದೆ ನಿಂತಾಗ ಆಕೆ ಹೇಳಿದ ಮಾತು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ: “ಇರೋದೊಂದು ಹಸ ಕಣಪ್ಪ. ಅದು ಹೋದ್ರೆ ನಾನೂ ಹೋದಂಗೆ. ಆದ್ರೂ ತಿಂಗ್ಳಾ ತಿಂಗ್ಳಾ ನಿಮ್ಗೆ ದುಡ್ಡು ಎಲ್ಲಿಂದ ತರ್ಲಿ?”

ಕಳೆದುಕೊಳ್ಳುವುದಕ್ಕೆ ಹೆಚ್ಚು ಇರುವವರು ಹೆಚ್ಚು ಕೊಡಲಿ ಎನ್ನುವುದು ನಾವು ಹಾಕಿಕೊಂಡಿದ್ದ ಲೆಕ್ಕ. ಆ ಅಜ್ಜಿಯ ಲೆಕ್ಕದಲ್ಲಿ ಕಳೆದುಕೊಳ್ಳುವುದಕ್ಕೆ ಇಡೀ ಬದುಕೇ ಇತ್ತು, ಕೊಡುವುದಕ್ಕೆ ಏನೂ ಇರಲಿಲ್ಲ. ಬೀರುವಿನ ಒಡವೆ ಹೋದ ಮನೆಯವರು ಅತ್ತು ಮತ್ತೆ ಬದುಕು ಕಟ್ಟಿಕೊಳ್ಳುತ್ತಾರೆ. ಕರೆಯುವ ಹಸು ಹೋದ ಮನೆಯಲ್ಲಿ ಮರುದಿನದಿಂದಲೇ ಒಲೆಗೆ ಕಷ್ಟ.

ಗುತ್ತಲಿನವರು ಕಾವಲಿನ ಬಗ್ಗೆ ಮಾತಾಡುವಾಗ ಒಂದು ರಾತ್ರಿಯನ್ನು ದಾಟಿ ಮುಂದೆ ಹೋಗುವಂತಿಲ್ಲ. 2020ರ ಸೆಪ್ಟೆಂಬರ್ 11ರ ಬೆಳಿಗ್ಗೆ ಇಲ್ಲಿನ ಅರ್ಕೇಶ್ವರ ದೇವಸ್ಥಾನದಲ್ಲಿ ಮೂವರು ಅರ್ಚಕರು ಕೊಲೆಯಾಗಿ ಬಿದ್ದಿದ್ದರು. ರಾತ್ರಿ ದೇವಸ್ಥಾನ ಕಾಯಲೆಂದು ಅಲ್ಲೇ ಮಲಗುತ್ತಿದ್ದವರು. ಕಳ್ಳರು ಕಲ್ಲಿನಿಂದ ತಲೆ ಜಜ್ಜಿ ಕೊಂದು, ಹುಂಡಿ ಒಡೆದು, ನೋಟುಗಳನ್ನು ಒಯ್ದು ಚಿಲ್ಲರೆಯನ್ನು ಬಿಟ್ಟುಹೋಗಿದ್ದರು. ಆಗಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಒಂದೊಂದು ಕುಟುಂಬಕ್ಕೆ 5 ಲಕ್ಷ ರೂಪಾಯಿ ಪರಿಹಾರ ಘೋಷಿಸಿದರು. ಕೆಲವೇ ದಿನಗಳಲ್ಲಿ ಮದ್ದೂರು ಕಡೆ ಪೊಲೀಸರು ಗುಂಡು ಹಾರಿಸಿ ಆರೋಪಿಗಳನ್ನು ಹಿಡಿದರು.

ಆ ಸುದ್ದಿಯನ್ನು ಇಡೀ ರಾಜ್ಯ ಓದಿತು. ನನಗೆ ಅದರಲ್ಲಿ ಇಂದಿಗೂ ಚುಚ್ಚುವುದು ಒಂದೇ ಸಂಗತಿ. ಅಲ್ಲಿ ಕಾವಲು ಇರಲಿಲ್ಲ ಎನ್ನುವಂತಿಲ್ಲ. ಕಾವಲಿಗೆ ಇದ್ದವರೇ ಸತ್ತವರು. ಒಬ್ಬರಲ್ಲ, ಮೂವರು. ಕಾವಲಿಗೆ ಜನ ಹಾಕಿದರೆ ಊರು ಸುರಕ್ಷಿತ ಎಂದು ನಾವು ಲೆಕ್ಕ ಹಾಕುವಾಗ ಆ ಮೂವರು ನಮ್ಮ ಲೆಕ್ಕವನ್ನು ತಪ್ಪಿಸುತ್ತಾರೆ. ಅವರಿಗೆ ಕೂಗಲು ಅವಕಾಶ ಸಿಕ್ಕಿತೋ ಇಲ್ಲವೋ ಯಾರು ಹೇಳಬೇಕು? ಸಿಕ್ಕಿದ್ದರೂ ಓಡಿಬರಲು ಗೊತ್ತು ಮಾಡಿದ ಜನ ಯಾರಿದ್ದರು? ಊರಿನ ಹುಂಡಿಯ ಮುಂದೆ ಮೂರು ಜೀವಗಳನ್ನು ಮಲಗಿಸಿ ನಾವೆಲ್ಲ ಮನೆಯಲ್ಲಿ ನಿಶ್ಚಿಂತೆಯಾಗಿ ಮಲಗಿದ್ದೆವು.

ಹಣ ಕೊಟ್ಟಾಗ ಕಾವಲನ್ನೇ ಕೊಂಡೆವು ಅಂದುಕೊಳ್ಳುತ್ತೇವೆ. ನಾವು ಕೊಳ್ಳುವುದು ಒಬ್ಬ ಮನುಷ್ಯನ ನಿದ್ದೆಯನ್ನು ಮಾತ್ರ. ಕಾವಲಿನ ಅರ್ಧ ಭಾಗ ಅವನು ಎಚ್ಚರವಾಗಿರುವುದು. ಉಳಿದರ್ಧ, ಅವನು ಸಿಳ್ಳೆ ಊದಿದಾಗ ಯಾರಾದರೂ ಬರುವುದು. ಆ ಎರಡನೆಯ ಅರ್ಧವನ್ನು ಚಂದಾ ಎತ್ತಿ ಕೊಳ್ಳಲಾಗುವುದಿಲ್ಲ.

ನಿವಾಸಿಗಳೇ ಖರ್ಚು ಹಾಕಿಕೊಂಡು ಕಾವಲು ಇಟ್ಟುಕೊಳ್ಳುವುದು ನಮ್ಮ ಸೀಮೆಗೆ ಹೊಸದೇನಲ್ಲ. ಹಳೇ ಮೈಸೂರಿನ ಹಳ್ಳಿಗಳಲ್ಲಿ ತಳವಾರ ಇದ್ದ, ತೋಟಿ ಇದ್ದ. ಹನ್ನೆರಡು ಮಂದಿ ಆಯಗಾರರ ಸಾಲಿನಲ್ಲಿ ಅವರೂ ಸೇರಿದ್ದರು. ಸುಗ್ಗಿಯಲ್ಲಿ ಕಣದ ಮೇಲೆ ರಾಶಿ ಮಾಡುವ ಹೊತ್ತಿಗೆ ಕಮ್ಮಾರನಿಗೆ, ಅಗಸನಿಗೆ, ನೀರಗಂಟಿಗೆ ಸಲ್ಲುವಂತೆ ತಳವಾರನಿಗೂ ಆಯ ಸಲ್ಲುತ್ತಿತ್ತು. ದೊಡ್ಡ ಹಿಡುವಳಿಯವನು ಹೆಚ್ಚು ಕೊಡುತ್ತಿದ್ದ, ಸಣ್ಣವನು ಕಡಿಮೆ. ಮಳೆ ಕೈಕೊಟ್ಟ ವರ್ಷ ಎಲ್ಲರದೂ ಕಡಿಮೆ. ಕೊಡುವುದಕ್ಕೆ ಹೊಲವೇ ಇಲ್ಲದವನ ಗುಡಿಸಲಿನ ಮುಂದೆಯೂ ತಳವಾರ ರಾತ್ರಿ ಹಾದು ಹೋಗುತ್ತಿದ್ದ. ಅವನ ದೊಡ್ಡ ಬಂಡವಾಳ ಕೈಯಲ್ಲಿನ ಕೋಲಲ್ಲ, ತಲೆಯಲ್ಲಿನ ತಿಳಿವಳಿಕೆ. ಯಾರ ಮನೆಗೆ ನೆಂಟರು ಬಂದರು, ಯಾವ ದಾರಿಯಲ್ಲಿ ಹೊಸ ಹೆಜ್ಜೆ ಮೂಡಿದೆ, ಯಾರ ಎತ್ತು ಯಾವ ಬಣ್ಣ, ಎಲ್ಲ ಅವನಿಗೆ ಗೊತ್ತು.

ಆ ಕಾಲವನ್ನು ಹೊಗಳುವುದು ನನ್ನ ಉದ್ದೇಶವಲ್ಲ. ಆ ಕೆಲಸ ಜಾತಿಗೆ ಕಟ್ಟಿದ್ದು, ವಂಶಪಾರಂಪರ್ಯವಾಗಿ ಹೇರಿದ್ದು. ತೋಟಿ ತಳವಾರರ ಮನೆಯಲ್ಲಿ ಹುಟ್ಟಿದ ಹುಡುಗ ಊರಿನವರು ಹೇಳಿದ್ದಕ್ಕೆಲ್ಲ ಓಡಬೇಕಿತ್ತು, ಬೇಡ ಎನ್ನುವ ಹಕ್ಕು ಅವನಿಗೆ ಇರಲಿಲ್ಲ. ಗ್ರಾಮಾಧಿಕಾರಗಳನ್ನು ರದ್ದುಪಡಿಸುವ 1961ರ ಕಾಯಿದೆ 1963ರ ಫೆಬ್ರುವರಿಯಲ್ಲಿ ಜಾರಿಯಾಗಿ ಪಟೇಲ, ಶಾನುಭೋಗರ ಜೊತೆಗೆ ತೋಟಿ ತಳವಾರಿಕೆಯೂ ಕೊನೆಗೊಂಡಿತು. ಕೊನೆಗೊಳ್ಳಬೇಕಾದದ್ದೇ. ಆದರೆ ಅದು ಬಿಟ್ಟುಹೋದ ಜಾಗ ಹಾಗೇ ಉಳಿಯಿತು. 1964ರಲ್ಲಿ ಗ್ರಾಮ ರಕ್ಷಣಾ ದಳಗಳ ಕಾಯಿದೆ ಬಂತು, ಊರಿನವರೇ ಸೇರಿ ಊರು ಕಾಯಲಿ ಎಂದು. ನಮ್ಮ ಕಡೆ ಇವತ್ತು ಅದರ ಹೆಸರು ಕೇಳಿದವರು ಸಿಗುವುದೇ ಕಷ್ಟ.

ಹಣ ಕೊಟ್ಟ ಕಾವಲು ಕೆಟ್ಟರೆ ಏನಾಗುತ್ತದೆ ಎನ್ನುವುದಕ್ಕೆ ಬಹಳ ದೂರ ಹೋಗಬೇಕಿಲ್ಲ. ತಮಿಳು ಸೀಮೆಯ ದಕ್ಷಿಣ ಜಿಲ್ಲೆಗಳಲ್ಲಿ ಕಾವಲ್ ಎಂಬ ಪದ್ಧತಿಯಿತ್ತು. ಊರಿನವರು ಕಾವಲುಗಾರನಿಗೆ ವರ್ಷಕ್ಕಿಷ್ಟು ಕೊಡಬೇಕು. ಕಳವಾದರೆ ಅವನು ಮಾಲು ಹುಡುಕಿಕೊಡಬೇಕು, ಇಲ್ಲವೇ ನಷ್ಟ ತುಂಬಬೇಕು. ಕೇಳಲು ಚೆನ್ನಾಗಿದೆ. ಬರಬರುತ್ತಾ ಕಾವಲು ಹಣ ನಿಲ್ಲಿಸಿದ ರೈತನ ದನವೇ ರಾತ್ರಿ ಮಾಯವಾಗತೊಡಗಿತು. 1896ರ ಸುಮಾರಿಗೆ ಮಧುರೆ ಜಿಲ್ಲೆಯ ರೈತರು ಕಾವಲುಗಾರರ ವಿರುದ್ಧವೇ ತಿರುಗಿಬಿದ್ದರು. ಕೇಳುವವರಿಲ್ಲದ ಕೈಗೆ ಕಾವಲನ್ನು ಕೊಟ್ಟರೆ ಅದು ಕಪ್ಪವಾಗುತ್ತದೆ.

ಹಾಗಾದರೆ ಖರ್ಚು ಕೊಟ್ಟು ಪೊಲೀಸರನ್ನೇ ಕರೆಸಿಕೊಳ್ಳಬಹುದಲ್ಲ ಎಂದು ಸಭೆಯೊಂದರಲ್ಲಿ ಗೆಳೆಯರೊಬ್ಬರು ಕೇಳಿದ್ದರು. ಕೇಳುವುದರಲ್ಲಿ ತಪ್ಪಿಲ್ಲ, ಕಾನೂನಿಗೆ ಈ ಯೋಚನೆ ಹೊಸದಲ್ಲ. ಬ್ರಿಟಿಷರ 1861ರ ಪೊಲೀಸ್ ಕಾಯಿದೆಯ 13ನೇ ಕಲಮು ಇದಕ್ಕೇ ಇತ್ತು: ಅರ್ಜಿ ಹಾಕಿ ಖರ್ಚು ಕೊಟ್ಟವರ ಜಾಗಕ್ಕೆ ಹೆಚ್ಚುವರಿ ಪೊಲೀಸರನ್ನು ನೇಮಿಸಬಹುದು. ಆ ಕಲಮಿನಲ್ಲಿ ನನಗೆ ಹಿಡಿಸಿದ ವಿವೇಕ ಒಂದಿದೆ. ಖರ್ಚು ಕೊಟ್ಟವನಿಗೆ ಆ ಪೊಲೀಸರ ಮೇಲೆ ಅಪ್ಪಣೆ ಮಾಡುವ ಅಧಿಕಾರ ಇಲ್ಲ. ಅದು ಜಿಲ್ಲಾ ಪೊಲೀಸ್ ಸೂಪರಿಂಟೆಂಡೆಂಟರದ್ದೇ. ಬೇಡವೆನಿಸಿದರೆ ಒಂದು ತಿಂಗಳ ನೋಟಿಸು ಕೊಟ್ಟು ವಾಪಸು ಕಳಿಸಬಹುದು, ಅಷ್ಟೇ. ಅದೇ ಕಾಯಿದೆಯ 15ನೇ ಕಲಮು ಇದರ ಇನ್ನೊಂದು ಮುಖ. ಗಲಭೆಯಾದ ಸೀಮೆಯಲ್ಲಿ ಹೆಚ್ಚುವರಿ ಪೊಲೀಸರನ್ನು ತಂದಿಟ್ಟು, ಅವರ ಖರ್ಚನ್ನು ಅಲ್ಲಿನ ನಿವಾಸಿಗಳ ತಲೆಗೆ ಕಟ್ಟುವುದು. ಒಂದೇ ಖಾಕಿ, ಒಂದೇ ಖರ್ಚು. ಒಂದು ಕಡೆ ಬೇಡಿ ಪಡೆದ ರಕ್ಷಣೆ, ಇನ್ನೊಂದು ಕಡೆ ಹೇರಿದ ದಂಡ.

ಲಂಡನ್ನಿನ ಥೇಮ್ಸ್ ನದಿಯಲ್ಲಿ 1798ರಲ್ಲಿ ಹಡಗಿನ ಸರಕು ಕಾಯಲು ವೆಸ್ಟ್ ಇಂಡೀಸ್ ವ್ಯಾಪಾರಿಗಳು ತಮ್ಮ ಹಣ ಸುರಿದು ಪಹರೆ ಕಟ್ಟಿದರು. ಅದು ಫಲ ಕೊಟ್ಟಿತು. ಎರಡೇ ವರ್ಷದಲ್ಲಿ, 1800ರಲ್ಲಿ, ಪಾರ್ಲಿಮೆಂಟು ಕಾನೂನು ಮಾಡಿ ಆ ಪಹರೆಯನ್ನು ಸರ್ಕಾರದ್ದಾಗಿ ಮಾಡಿಕೊಂಡಿತು. ಹಣವಂತರು ಶುರು ಮಾಡಿದ್ದನ್ನು ಎಲ್ಲರದ್ದಾಗಿಸಿದ ಆ ಹೆಜ್ಜೆ ನನಗೆ ಮುಖ್ಯವಾಗಿ ಕಾಣುತ್ತದೆ. ನಮ್ಮ ಕಾಲದಲ್ಲಿ ಹೆಜ್ಜೆ ಹಿಂದಕ್ಕೆ ಹೋಗುತ್ತಿದೆ. ಅಮೆರಿಕದ ನ್ಯೂ ಆರ್ಲಿಯನ್ಸ್ ಊರಿನ ಕೆಲವು ಬಡಾವಣೆಗಳು ತಮ್ಮ ಮೇಲೆ ತಾವೇ ತೆರಿಗೆ ಹಾಕಿಕೊಂಡು ಹೆಚ್ಚುವರಿ ಗಸ್ತು ಇಟ್ಟುಕೊಂಡಿವೆ. ಬೆಂಗಳೂರಿನ ಗೇಟಿನೊಳಗಿನ ಬಡಾವಣೆಗಳು ಮಾಡುತ್ತಿರುವುದೂ ಹೆಚ್ಚು ಕಡಿಮೆ ಅದನ್ನೇ. ಗೇಟಿನೊಳಗಿನವರಿಗೆ ತಮ್ಮದೇ ಕಾವಲು ಸಿಕ್ಕ ಮೇಲೆ ಸರ್ಕಾರಿ ಠಾಣೆಯಲ್ಲಿ ಎಷ್ಟು ಹುದ್ದೆ ಖಾಲಿ ಇದೆ ಎಂದು ಕೇಳುವ ದನಿಗಳು ಕಡಿಮೆಯಾಗುತ್ತವೆ. ಇಂಥ ದನಿಯನ್ನು ಅಧಿಕಾರದಲ್ಲಿರುವವರು ಕೇಳಿಸಿಕೊಳ್ಳುವುದು ಕೇಳುವವರಲ್ಲಿ ಕೈತುಂಬ ಇರುವವರೂ ಇದ್ದಾಗ ಮಾತ್ರ.

ಗುತ್ತಲಿನಂಥ ಬೀದಿಗಳಿಗೆ ಸಿಗುವ ಕಾವಲು ಎಂದರೆ ಗೂರ್ಖಾ. ಸೈಕಲ್ಲು, ಕೈಯಲ್ಲೊಂದು ಕೋಲು, ಕುತ್ತಿಗೆಯಲ್ಲೊಂದು ಸಿಳ್ಳೆ. ರಾತ್ರಿ ಕಂಬಕ್ಕೆ ಕೋಲು ತಟ್ಟುವ ಸದ್ದು ಕೇಳಿದರೆ ಮಗ್ಗುಲಾಗಿ ಮತ್ತೆ ನಿದ್ದೆ ಹೋಗುತ್ತೇವೆ. ತಿಂಗಳ ಮೊದಲ ವಾರ ಹಗಲಲ್ಲಿ ಬಂದು ಬಾಗಿಲಲ್ಲಿ ನಿಲ್ಲುತ್ತಾನೆ. ಕೆಲವರು ಕೊಡುತ್ತಾರೆ. ಕೆಲವರು ಮುಂದಿನ ತಿಂಗಳು ಬಾ ಅನ್ನುತ್ತಾರೆ, ಅವನು ತನ್ನ ಇಡೀ ತಿಂಗಳ ನಿದ್ದೆ ಕೊಟ್ಟಾದ ಮೇಲೆ. ಅವನ ಹೆಸರು ಬಹಳ ಮನೆಗಳಿಗೆ ಗೊತ್ತಿಲ್ಲ. ಅವನ ಊರು ನೇಪಾಳವೋ ಅಸ್ಸಾಮೋ ಎನ್ನುವುದೂ ಗೊತ್ತಿಲ್ಲ. ರಾತ್ರಿ ಅವನಿಗೆ ಎದೆನೋವು ಬಂದರೆ ಅವನು ಯಾವ ಬಾಗಿಲು ತಟ್ಟಬೇಕು?

ಇನ್ನೊಂದು ಕಡೆಯಿಂದಲೂ ನೋಡಬೇಕು. ದುಡ್ಡು ಕೊಟ್ಟವರ ಮನೆ ಕಾಯುವವನಿಗೆ ದುಡ್ಡು ಕೊಡದವನೆಲ್ಲ ಅನುಮಾನದವನಾಗಿ ಕಾಣತೊಡಗುತ್ತಾನೆ. ಕಬ್ಬಿನ ಕಾಲದಲ್ಲಿ ಬಳ್ಳಾರಿ ಕಡೆಯಿಂದ ಕಡಿಯುವ ಆಳುಗಳು ಸಂಸಾರ ಸಮೇತ ಬರುತ್ತಾರೆ. ಕತ್ತಲಾದ ಮೇಲೆ ಅಂಗಡಿಗೆಂದು ನಡೆದು ಹೋಗುವ ಅವರನ್ನು ತಡೆದು “ಏಯ್, ಯಾರೋ ನೀನು, ಎಲ್ಲಿಗೆ ಹೋಗ್ತಿದ್ದೀಯ” ಎಂದು ಏಕವಚನದಲ್ಲಿ ಕೇಳುವುದನ್ನು ನಾನು ನೋಡಿದ್ದೇನೆ. ಕೇಳಿದವರು ಕಾವಲುಗಾರರಲ್ಲ, ನಮ್ಮವರೇ. ನಮ್ಮ ಕಾರ್ಖಾನೆಗೆ ಕಬ್ಬು ಕಡಿದು ಹಾಕುವವನು ನಮ್ಮ ಬೀದಿಯಲ್ಲಿ ನಡೆಯಲು ಹೆದರಬೇಕಾದರೆ ಆ ಬೀದಿಯನ್ನು ಸುರಕ್ಷಿತ ಎಂದು ಕರೆಯಲು ನನಗೆ ಬಾಯಿ ಬರುವುದಿಲ್ಲ.

ಎಲ್ಲರಿಗೂ ಸೇರಿದ ಕಾವಲು ನಮಗಿದೆ. ಅದರ ಖರ್ಚನ್ನು ಆ ಅಜ್ಜಿಯೂ ಕೊಡುತ್ತಾಳೆ, ಬೆಂಕಿಪೊಟ್ಟಣ ಕೊಂಡಾಗಲೆಲ್ಲ ತೆರಿಗೆಯಾಗಿ. ರಾಜ್ಯ ಪೊಲೀಸ್ ಇಲಾಖೆ 2017ರಲ್ಲಿ ಹೊಸ ಬೀಟ್ ವ್ಯವಸ್ಥೆ ತಂದಿತು. ಠಾಣೆಯ ಸರಹದ್ದನ್ನು ಬೀಟುಗಳಾಗಿ ಹಂಚಿ, ಒಂದೊಂದು ಬೀಟಿಗೆ ಒಬ್ಬೊಬ್ಬ ಸಿಬ್ಬಂದಿಯನ್ನು ಹೊಣೆ ಮಾಡಿ, ಅಲ್ಲಿನ ನಾಗರಿಕರನ್ನೂ ಜೊತೆಗೆ ಸೇರಿಸಿಕೊಳ್ಳುವುದು ಅದರ ತಿರುಳು. ಜಾತಿ ಕಳೆದು, ಸಂಬಳ ಕೊಟ್ಟು, ಕಾನೂನಿನೊಳಗೆ ತಂದ ತಳವಾರಿಕೆ ಎಂದು ನಾನು ಅದನ್ನು ಓದಿಕೊಂಡಿದ್ದೇನೆ. ಬೀದಿಯನ್ನು ಬಲ್ಲ ಒಬ್ಬ ಮನುಷ್ಯ, ಅವನನ್ನು ಬಲ್ಲ ಬೀದಿ. ಆದರೆ ಎರಡನೆಯದು ನಮ್ಮಿಂದ ಆಗಿಲ್ಲ. ಬೀಟ್ ಪೊಲೀಸ್ ಸಭೆ ಕರೆದರೆ ಹೋಗುವುದು ಅದೇ ನಾಲ್ಕು ಮಂದಿ. ಊರಿಗೆ ಹೋಗುವಾಗ ಮನೆಗೆ ಬೀಗ ಹಾಕಿದ್ದೇವೆ ಎಂದು ಠಾಣೆಗೆ ತಿಳಿಸಿ ಎಂದು ಪೊಲೀಸರು ಹೇಳುತ್ತಲೇ ಇರುತ್ತಾರೆ. ನಾವು ಫೋಟೊ ಸಮೇತ ವಾಟ್ಸಾಪಿನಲ್ಲಿ ಲೋಕಕ್ಕೆಲ್ಲ ತಿಳಿಸುತ್ತೇವೆ, ಠಾಣೆಗೆ ಮಾತ್ರ ಇಲ್ಲ.

ಚಂದಾ ಎತ್ತಬೇಡಿ ಎಂದು ನಾನು ಹೇಳುವುದಿಲ್ಲ. ಎತ್ತೋಣ. ಅದರಲ್ಲಿ ಮೊದಲು ಕಾವಲುಗಾರನಿಗೆ ಬದುಕುವಷ್ಟು ಸಂಬಳ ಗೊತ್ತುಮಾಡೋಣ, ಒಳ್ಳೆಯ ಟಾರ್ಚು ಕೊಡೋಣ, ಮಳೆಗೆ ನಿಲ್ಲಲು ಒಂದು ಸೂರು ಹಾಕೋಣ. ಅವನ ವಿವರವನ್ನು ಠಾಣೆಗೆ ಕೊಟ್ಟು ಬೀಟ್ ಪೊಲೀಸರಿಗೂ ಅವನಿಗೂ ಪರಿಚಯ ಮಾಡಿಸೋಣ. ಕೊಡಲಾರದ ಮನೆಗಳನ್ನು ಪಟ್ಟಿಯಿಂದ ತೆಗೆಯುವುದು ಬೇಡ. ಅಜ್ಜಿಯ ಕೊಟ್ಟಿಗೆಯ ಮುಂದೂ ಅವನ ಸೈಕಲ್ಲು ಹೋಗಲಿ. ಕೆಟ್ಟ ಬೀದಿದೀಪಕ್ಕೆ ನಗರಸಭೆಯ ಬೆನ್ನು ಹತ್ತೋಣ. ಠಾಣೆಗೆ ಸಾಕಷ್ಟು ಸಿಬ್ಬಂದಿ ಕೊಡಿ ಎಂದು ಶಾಸಕರನ್ನು ಕೇಳುವುದನ್ನು, ಕಾವಲಿಗೆ ಜನ ಸಿಕ್ಕಿದ ಮೇಲೂ, ಬಿಡದಿರೋಣ. ಮತ್ತು ಸಿಳ್ಳೆ ಕೇಳಿದ ರಾತ್ರಿ ಯಾವ ಯಾವ ಮನೆಯವರು ದೀಪ ಹಾಕಿ ಹೊರಗೆ ಬರುತ್ತಾರೆ, ಯಾರು 112ಕ್ಕೆ ಫೋನ್ ಮಾಡುತ್ತಾರೆ ಎನ್ನುವುದನ್ನು ಮೊದಲೇ ಮಾತಾಡಿಕೊಳ್ಳೋಣ. ಇದಕ್ಕೆ ಕಾಸು ಬೇಕಿಲ್ಲ, ಮಾತು ಕೊಟ್ಟವರು ಬೇಕು.

ಈ ತಿಂಗಳು ಗೂರ್ಖಾ ನಿಮ್ಮ ಬಾಗಿಲಿಗೆ ಬಂದಾಗ ದುಡ್ಡು ಕೊಟ್ಟು ಕಳಿಸುವ ಮುಂಚೆ ಅವನ ಹೆಸರು ಕೇಳಿ. ನಿಮ್ಮ ಫೋನ್ ನಂಬರನ್ನು ಅವನ ಫೋನಿನಲ್ಲಿ ಬರೆಸಿ. ರಾತ್ರಿ ಎಷ್ಟು ಹೊತ್ತಿಗಾದರೂ ಮಾಡಪ್ಪ, ಎತ್ತುತ್ತೇನೆ ಎಂದು ಹೇಳಿ.